ಕೆಂಪು ಬೆಳಕು, ಮಾತ್ರೆ, ನಡಿಗೆ: ನನ್ನ ಕಾಲಿಗೆ ಯಾವುದು ಎಷ್ಟು ಕೊಟ್ಟಿತು

ನಮ್ಮ ಗೇಟಿನಿಂದ ಹೊರಟರೆ ಏಳನೇ ಲೈಟ್ ಕಂಬದ ಹತ್ತಿರ ನನ್ನ ಬಲಗಾಲು ಹಿಡಿದುಕೊಳ್ಳುತ್ತಿತ್ತು. ಮೀನಖಂಡವನ್ನು ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿತ್ತು. ಕಂಬಕ್ಕೆ ಒರಗಿ ಮೂರು ನಿಮಿಷ ನಿಂತರೆ ನೋವು ಪೂರ್ತಿ ಮಾಯ. ಮತ್ತೆ ಹೊರಟರೆ ಮತ್ತೆ ಅಷ್ಟೇ ದೂರ. ವಾಯು ಅಂದುಕೊಂಡು ಒಂದು ವರ್ಷ ಸುಮ್ನೆ ಎಣ್ಣೆ ತಿಕ್ಕಿದೆ. ಕೊನೆಗೆ ರಕ್ತನಾಳದ ಡಾಕ್ಟರು ತೋಳಿನ ಬಿಪಿ ನೋಡಿದರು, ಕಣಕಾಲಿನ ಬಿಪಿಯನ್ನೂ ನೋಡಿದರು. ಕಾಲಿನದನ್ನು ತೋಳಿನದರಿಂದ ಭಾಗಿಸಿದರೆ ಬರುವುದು ಎಬಿಐ. ಅದು 0.90 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಲಿನ ರಕ್ತನಾಳ ಕಟ್ಟಿಕೊಂಡಿದೆ ಅಂತ. ನನ್ನ ಬಲಗಾಲಿನದು 0.68. ಮೂವತ್ತು ವರ್ಷ ಸಿಗರೇಟು ಸೇದಿದ್ದೆ, ಜೊತೆಗೆ ಸಕ್ಕರೆ ಕಾಯಿಲೆ.

ಸಿಗರೇಟು ಅವತ್ತೇ ಬಿಟ್ಟೆ. ಆಸ್ಪಿರಿನ್, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಶುರುವಾಯಿತು. ಇವು ಮುಖ್ಯವಾಗಿ ಹೃದಯ, ಮೆದುಳು ಕಾಯುವುದಕ್ಕೆ. ನಡಿಗೆ ಸುಧಾರಿಸಲು ಒಂದಾದ ಮೇಲೊಂದರಂತೆ ಮೂರು ದಾರಿ ನೋಡಿದೆ. ಅಳತೆ ಮಾತ್ರ ಒಂದೇ: ಎಷ್ಟನೇ ಕಂಬದಲ್ಲಿ ನಿಲ್ಲಬೇಕಾಯಿತು. ದಿನಾ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ.

ಮೊದಲು ಬೆಳಕು, ಅಂದರೆ ಕಾಲಿನ ಮೇಲೆ ಕೆಂಪು ಬೆಳಕು ಬಿಡುವುದು. ಇದರ ಹಿಂದಿನ ಯೋಚನೆ ಚೆನ್ನಾಗಿದೆ. ರಕ್ತನಾಳ ಸಡಿಲಗೊಳ್ಳಲು ನಮ್ಮ ಮೈಯೇ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ. ಅದನ್ನು ತೋರಿಸಿಕೊಟ್ಟವರಿಗೆ 1998ರಲ್ಲಿ ನೊಬೆಲ್ ಬಂತು. 670 ನ್ಯಾನೊಮೀಟರ್ ಆಸುಪಾಸಿನ ಕೆಂಪು ಬೆಳಕು ಬಿದ್ದಾಗ, ಮೈಯಲ್ಲಿ ಬೇರೆ ಅಣುಗಳಿಗೆ ಅಂಟಿಕೊಂಡಿರುವ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗುತ್ತದೆ ಎಂಬುದರ ಮೇಲೆ ಅಮೆರಿಕದ ಮೆಡಿಕಲ್ ಕಾಲೇಜ್ ಆಫ್ ವಿಸ್ಕಾನ್ಸಿನ್‌ನಲ್ಲಿ ಕೆಲಸ ನಡೆದಿದೆ. ಓದಿದಾಗ ಆಸೆ ಹುಟ್ಟಿತು.

ಆದರೆ ಶುರುವಿನಲ್ಲೇ ಎಡವಟ್ಟಾಯಿತು. ಹತ್ತಿರದ ಒಂದು ಫಿಸಿಯೋ ಕ್ಲಿನಿಕ್ಕಿನಲ್ಲಿ ‘ನಮ್ಮಲ್ಲೂ ಕೆಂಪು ಲೈಟ್ ಇದೆ’ ಅಂದರು. ಅದು ಬಿಸಿ ಕೊಡುವ ಇನ್‌ಫ್ರಾರೆಡ್ ಬಲ್ಬು. ಸಕ್ಕರೆಯಿಂದ ನನ್ನ ಪಾದದ ಸ್ಪರ್ಶ ಮಂದವಾಗಿದೆ, ಸುಟ್ಟಿದ್ದು ಗೊತ್ತೇ ಆಗಲಿಲ್ಲ. ಮನೆಗೆ ಬಂದು ಸಾಕ್ಸ್ ತೆಗೆದರೆ ಪಾದದ ಮೇಲೆ ಹುಣಸೆ ಬೀಜದಷ್ಟು ಗುಳ್ಳೆ. ಮಾಯಲು ಎರಡು ತಿಂಗಳು ಬೇಕಾಯಿತು. ರಕ್ತ ಕಡಿಮೆ ಹರಿಯುವ ಕಾಲಿಗೆ ಬಿಸಿ ಕೊಟ್ಟರೆ ಅದು ಇನ್ನೂ ಜಾಸ್ತಿ ರಕ್ತ ಕೇಳುತ್ತದೆ, ಕಟ್ಟಿದ ನಾಳ ಎಲ್ಲಿಂದ ಕೊಡಬೇಕು? ಬಿಸಿ ಬಲ್ಬು ಬೇರೆ, ಎಲ್‌ಇಡಿ ಬೆಳಕು ಬೇರೆ. ದಯವಿಟ್ಟು ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಗಾಯ ಮಾಯ್ದ ಮೇಲೆ ಡಾಕ್ಟರನ್ನು ಕೇಳಿಯೇ ಎಲ್‌ಇಡಿ ಪ್ಯಾನೆಲ್ ತಂದೆ. ದಿನಾ ಸಂಜೆ 20 ನಿಮಿಷ ಮೀನಖಂಡದ ಮೇಲೆ ಬೆಳಕು. ಹಿತವಾಗಿತ್ತು, ಕಾಲು ಹಗುರಾದಂತೆ ಅನಿಸುತ್ತಿತ್ತು. ಆರು ವಾರ ಬಿಡದೆ ಮಾಡಿದೆ. ಕಂಬ ಏಳರಿಂದ ಎಂಟಕ್ಕೆ ಬಂತು, ಕೆಲವು ದಿನ ಮತ್ತೆ ಏಳು. ಗುಳ್ಳೆಯ ಎರಡು ತಿಂಗಳು ಕೂತೇ ಇದ್ದವನು ಓಡಾಡಲು ಶುರುಮಾಡಿದ್ದಕ್ಕೇ ಆ ಒಂದು ಕಂಬ ಬಂದಿರಬಹುದು.

ಎರಡನೆಯದು ರಕ್ತನಾಳ ಹಿಗ್ಗಿಸುವ ಸಿಲೊಸ್ಟಜಾಲ್ ಮಾತ್ರೆ. ಹೃದಯ ವೈಫಲ್ಯ ಇರುವವರು ಇದನ್ನು ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ಡಾಕ್ಟರು ಮೊದಲು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದರು. ಊಟಕ್ಕೆ ಅರ್ಧ ಗಂಟೆ ಮುಂಚೆ, ದಿನಕ್ಕೆ ಎರಡು ಸಲ. ಮೊದಲ ಹತ್ತು ದಿನ ತಲೆನೋವು, ಎದೆ ಡವಡವ. 50 ಮಿಲಿಗ್ರಾಂನಿಂದ ನಿಧಾನವಾಗಿ 100ಕ್ಕೆ ಏರಿಸಿದ ಮೇಲೆ ಮೈಗೆ ಒಗ್ಗಿತು. ಎರಡು ತಿಂಗಳಿಗೆ ಹನ್ನೊಂದನೇ ಕಂಬ. ಇದು ನಿಜವಾದ ಲಾಭ.

ಮೂರನೆಯದು ನಡಿಗೆ. ನಡೆಯಲಾಗದವನಿಗೆ ನಡೆ ಅಂದರೆ ಸಿಟ್ಟು ಬರುತ್ತೆ ಅಲ್ವಾ? ನನಗೂ ಬಂತು. ಆದರೆ ಇದಕ್ಕೊಂದು ಕ್ರಮ ಇದೆ. ನೋವು ಶುರುವಾದ ತಕ್ಷಣ ನಿಲ್ಲಬಾರದು. ಅದು ಜೋರಾಗುವ ತನಕ ನಡೆಯಬೇಕು. ಆಮೇಲೆ ನಿಂತು, ನೋವು ಪೂರ್ತಿ ಹೋದ ಮೇಲೆ ಮತ್ತೆ ಹೊರಡಬೇಕು. ಹೀಗೆ 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ 3 ದಿನ, 12 ವಾರ. ನೋವು ಬರದ ಹಾಗೆ ಹಾಯಾಗಿ ನಡೆದರೆ ಸಾಕಾಗುವುದಿಲ್ಲ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮೇರಿ ಮೆಕ್‌ಡರ್ಮಟ್ ಮತ್ತು ತಂಡ 305 ಜನರ ಮೇಲೆ ಮಾಡಿದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ವರ್ಷದ ಕೊನೆಗೆ, ನೋವು ಬರುವಷ್ಟು ನಡೆದವರು 6 ನಿಮಿಷದಲ್ಲಿ ಮೊದಲಿಗಿಂತ ಸುಮಾರು 34 ಮೀಟರ್ ಜಾಸ್ತಿ ನಡೆದರು. ಹಾಯಾಗಿ ನಡೆದವರಿಗೆ ಏನೂ ಸಿಗಲಿಲ್ಲ.

ಮೊದಲ ನಾಲ್ಕು ವಾರ ನನ್ನ ಕ್ಯಾಲೆಂಡರಿನಲ್ಲಿ ಬರೀ ಹನ್ನೊಂದು, ಹನ್ನೆರಡು. ಬಿಟ್ಟುಬಿಡೋಣ ಅನಿಸಿತ್ತು. ಹೆಂಡತಿ ಜೊತೆಗೆ ಬರಲು ಶುರುಮಾಡಿದಳು. ನಾನು ನಿಂತಾಗ ಅವಳೂ ನಿಲ್ಲುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಐದನೇ ವಾರ ಹದಿನಾಲ್ಕು. ಎಂಟನೇ ವಾರ ಹತ್ತೊಂಬತ್ತು. ಹನ್ನೆರಡನೇ ವಾರ ಇಪ್ಪತ್ತನಾಲ್ಕು. ಅಲ್ಲಿಗೆ ನಮ್ಮ ರಸ್ತೆಯೇ ಮುಗಿಯಿತು! ಈಗ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತೇವೆ. ಮತ್ತೆ ನೋಡಿಸಿದಾಗ ಎಬಿಐ 0.70, ಅಂದರೆ ನಾಳ ಮೊದಲಿನಷ್ಟೇ ಕಟ್ಟಿದೆ. ಬರುವಷ್ಟು ರಕ್ತದಲ್ಲೇ ಜಾಸ್ತಿ ಕೆಲಸ ಮಾಡಲು ಸ್ನಾಯು ಕಲಿತಿದೆ ಅಂದರು ಡಾಕ್ಟರು.

ಮಾತ್ರೆಯ ಜೊತೆಯಲ್ಲೇ ನಡೆದೆ, ಹಾಗಾಗಿ ಇಪ್ಪತ್ತನಾಲ್ಕೂ ನಡಿಗೆಯ ಲೆಕ್ಕ ಅನ್ನಲಾರೆ. ಆದರೂ ಪ್ಯಾನೆಲ್ ಕೊಳ್ಳಲೇ ಅಂತ ಯಾರಾದರೂ ಕೇಳಿದರೆ, ಮೊದಲು ಆ ದುಡ್ಡಿನಲ್ಲಿ ಒಳ್ಳೆಯ ಶೂ ತಗೊಳ್ಳಿ ಅನ್ನುತ್ತೇನೆ. ಬೆಳಕು ಬೇಕೆನಿಸಿದರೆ ನಡೆದು ಬಂದ ಮೇಲೆ ಹಾಕಿಕೊಳ್ಳಿ, ನಡೆಯುವ ಹೊತ್ತನ್ನು ಅದಕ್ಕೆ ಕೊಡಬೇಡಿ. ನಾನೂ ಈಗ ಹಾಗೇ ಮಾಡುತ್ತೇನೆ.

ರಾತ್ರಿ ಮಲಗಿದಾಗಲೂ ಪಾದ ನೋಯುತ್ತಿದ್ದರೆ, ಹುಣ್ಣು ಮಾಯದಿದ್ದರೆ, ಬೆರಳು ಕಪ್ಪಾಗಿದ್ದರೆ ಬೆಳಕು, ಮಾತ್ರೆ, ನಡಿಗೆ ಯಾವುದರ ಫಲಕ್ಕೂ ಕಾಯಬೇಡಿ. ಅವತ್ತೇ ರಕ್ತನಾಳದ ಡಾಕ್ಟರ ಹತ್ತಿರ ಹೋಗಿ.