ಹಂಪನಕಟ್ಟೆಯ ಸ್ಟುಡಿಯೋ: ಯುದ್ಧಕಾಲದ ಫೋಟೊ ಮತ್ತು ಅಜ್ಜನ ಧ್ವನಿಮುದ್ರಣ

ಹಳೆಯ ಫೋಟೊಗಳನ್ನು ಸರಿಪಡಿಸುವ, ಹಿರಿಯರ ಮಾತನ್ನು ಮನೆಗೇ ಬಂದು ಧ್ವನಿಮುದ್ರಿಸಿಕೊಡುವ ಸ್ಟುಡಿಯೋವೊಂದು ಮಂಗಳೂರಿನ ಹಂಪನಕಟ್ಟೆಯ ಬಳಿ ಇದೆ. ಎರಡನೇ ಮಹಾಯುದ್ಧದಲ್ಲಿ ಸೇನೆಗೆ ಸರಕು ಸಾಗಿಸುತ್ತಿದ್ದ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್‌ನ ಲಾರಿ ಚಾಲಕರಾಗಿದ್ದ, ಈಗ ನೂರು ತುಂಬಿರುವ ನಮ್ಮ ಅಜ್ಜನಿಗಾಗಿ ಈ ಎರಡೂ ಸೇವೆಗಳನ್ನು ಪಡೆದೆವು.

ಆ ಯುದ್ಧ ಮುಗಿಯುವ ಹೊತ್ತಿಗೆ ಭಾರತೀಯ ಸೇನೆಯ ಬಲ ಸುಮಾರು 25 ಲಕ್ಷಕ್ಕೆ ಏರಿತ್ತು. 1945ರಲ್ಲಿ ಹದಿನೆಂಟು ತುಂಬಿ ಸೇರಿದವರು ಬದುಕಿದ್ದರೂ ನೂರರ ಅಂಚಿನಲ್ಲಿದ್ದಾರೆ. ಮೊದಲ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದವರಲ್ಲಿ ಕೊನೆಯವರೆಂದು ಗುರುತಿಸಲಾದ ಬ್ರಿಟನ್ನಿನ ಫ್ಲಾರೆನ್ಸ್ ಗ್ರೀನ್ 2012ರಲ್ಲಿ ತೀರಿಕೊಂಡರು. ಎರಡನೆಯದರ ಸರದಿಯೂ ದೂರವಿಲ್ಲ. ಫೋಟೊ ಕೆಲಸವನ್ನು ಮುಂದಿನ ವರ್ಷವೂ ಮಾಡಿಸಬಹುದು, ಧ್ವನಿಯದನ್ನು ಹಾಗೆ ಮುಂದೂಡಲಾಗದು. ಆದ್ದರಿಂದ ಅದನ್ನು ಹೆಚ್ಚು ಕಟ್ಟುನಿಟ್ಟಾಗಿ ಅಳೆಯುತ್ತಿದ್ದೇನೆ.

ಫೋಟೊ ಮೇಲಿನ ಬೂಸ್ಟಿನ ಕಲೆಗಳನ್ನು ಅಂದವಾಗಿ ತೆಗೆದಿದ್ದಾರೆ. ಆದರೆ ಬಣ್ಣ ತುಂಬುವಾಗ ಎದೆಯ ಮೇಲಿನ ಬರ್ಮಾ ಸ್ಟಾರ್ (ಬರ್ಮಾ ರಣರಂಗದ ಸೇವೆಗೆ ಕೊಟ್ಟ ಪದಕ) ಪಟ್ಟಿಯನ್ನು ಇಡಿಯಾಗಿ ಕಂದು ಮಾಡಿದ್ದರು. ನಡುವೆ ಕೆಂಪು, ಎರಡೂ ಬದಿಯ ಕಡುನೀಲಿಯೊಳಗೆ ಕಿತ್ತಳೆ ಗೆರೆ ಇರಬೇಕೆಂದು ಪದಕವನ್ನೇ ಒಯ್ದು ತೋರಿಸಿದ ಮೇಲೆ ತಿದ್ದಿಕೊಟ್ಟರು.

ಧ್ವನಿಮುದ್ರಣಕ್ಕೆ ಬಂದ ಇಬ್ಬರು ಹುಡುಗರು ಫ್ಯಾನ್ ನಿಲ್ಲಿಸಿ, ಅಜ್ಜನ ಶಾಲಿಗೆ ಮೈಕ್ ಸಿಕ್ಕಿಸಿ, ಸ್ವಲ್ಪವೂ ಅವಸರಪಡದೆ ಕುಳಿತರು. ಅಜ್ಜ ತುಳುವಿನಲ್ಲಿ ಮಾತನಾಡಿದ್ದಕ್ಕೂ ತಕರಾರಿಲ್ಲ. ಸೋತದ್ದು ಪ್ರಶ್ನೆಗಳಲ್ಲಿ. "ಭಯವಾಗಿತ್ತಾ? ಹೆಮ್ಮೆಯೆನಿಸುತ್ತದಾ?" ಎಂಬುದಕ್ಕೆ ಅಜ್ಜ ಹೂಂಗುಟ್ಟಿ ಸುಮ್ಮನಾದರು. ಚಿಕ್ಕಮ್ಮ ಬಾಯಿಹಾಕಿ, "ಅಪ್ಪಾ, ಲಾರಿಯಲ್ಲಿ ಏನು ತುಂಬುತ್ತಿದ್ದಿರಿ?" ಎಂದದ್ದೇ ತಡ, ಈಗಿನ ನಾಗಾಲ್ಯಾಂಡಿನ ದಿಮಾಪುರದಲ್ಲಿ ಅಕ್ಕಿ ಮೂಟೆ, ಪೆಟ್ರೋಲ್ ಡಬ್ಬಿ ಹೇರಿದ್ದು, ಮಳೆಯ ಕೆಸರಿನಲ್ಲಿ ಚಕ್ರ ಹೂತದ್ದು, 1944ರ ಜೂನ್ 22ರಂದು ಜಪಾನೀಯರ ಮುತ್ತಿಗೆ ಮುರಿದು ಇಂಫಾಲದ ದಾರಿ ತೆರೆದ ಬಳಿಕ ಸಾಲುಗಟ್ಟಿ ಹೊರಟದ್ದು, ಎಲ್ಲವೂ ಹೊರಬಂತು. ಶೌರ್ಯದ ಮಾತಿಗಿಂತ ಕೆಲಸದ ಮಾತೇ ನೆನಪಿನ ಬಾಗಿಲು ತೆರೆಯುತ್ತದೆಂಬುದನ್ನು ಈ ಹುಡುಗರಿಗೆ ಯಾರಾದರೂ ಹೇಳಿಕೊಡಬೇಕಿತ್ತು.

ಧ್ವನಿ ಸ್ಪಷ್ಟವಾಗಿದೆ. ಬರಹರೂಪದಲ್ಲಿ ಮಾತ್ರ ದಿಮಾಪುರವು 'ತಿಮ್ಮಾಪುರ'ವಾಗಿ, ಯುದ್ಧವೇ ಕರ್ನಾಟಕಕ್ಕೆ ಸ್ಥಳಾಂತರಗೊಂಡಿತ್ತು!

ಮನೆಯಲ್ಲಿ ಇಂತಹ ಹಿರಿಯರಿರುವವರು ಅವರ ತುಕಡಿ, ಊರುಗಳ ಹೆಸರನ್ನು ಮೊದಲೇ ಬರೆದುಕೊಟ್ಟು, ಪ್ರಶ್ನೆ ಕೇಳಲು ಮನೆಯವರನ್ನೇ ಕೂರಿಸಿ, ಮೂಲ ಧ್ವನಿಕಡತವನ್ನು ತಪ್ಪದೆ ಪಡೆದುಕೊಳ್ಳಿ. ಬಣ್ಣ ತುಂಬಿಸುವ ಖರ್ಚನ್ನು ಉಳಿಸಿ, ಅದರಲ್ಲಿ ಇನ್ನೊಂದು ಬೆಳಗಿನ ಧ್ವನಿಮುದ್ರಣ ಮಾಡಿಸುವುದು ಲೇಸು.