ಸಲೈನಾದ ಎರೆಮಣ್ಣಿನ ಮನೆ: ಇರುವೆ, ಇಲಿ, ಜಿರಳೆಗೆ ಮೂರು ವರ್ಷ ಮಾಡಿ ನೋಡಿದ್ದು

ಮೂರು ವರ್ಷದ ಹಿಂದೆ ಅಮೆರಿಕದ ಟೆಕ್ಸಸ್‌ನ ಸಲೈನಾದಲ್ಲಿ ಮನೆ ತಗೊಂಡಾಗ ನಮ್ಮ ಹಿತ್ತಲ ಬೇಲಿಯಾಚೆ ಬರೀ ಹೊಲ. ಡಲ್ಲಾಸ್‌ನಿಂದ ಉತ್ತರಕ್ಕೆ ಸುಮಾರು 40 ಮೈಲಿ. ಹೆಸರು ಓದಿದರೆ ಸೆಲಿನಾ ಅನ್ನಿಸುತ್ತದೆ, ಇಲ್ಲಿಯವರ ಬಾಯಲ್ಲಿ ಸಲೈನಾ. 2010ರಲ್ಲಿ ಇಲ್ಲಿದ್ದದ್ದು ಸುಮಾರು ಆರು ಸಾವಿರ ಜನ. 2020ರಲ್ಲಿ 16,739. 2023ರಲ್ಲಿ 43 ಸಾವಿರ ದಾಟಿತ್ತು. 20 ಸಾವಿರಕ್ಕಿಂತ ದೊಡ್ಡ ಊರುಗಳಲ್ಲಿ ಆ ವರ್ಷ ಇಡೀ ಅಮೆರಿಕದಲ್ಲೇ ಜೋರಾಗಿ ಬೆಳೆದ ಊರು ಇದೇ.

ಮೊದಲ ಬೇಸಿಗೆಗೆ ಗದಗಿನಿಂದ ಅವ್ವ ಬಂದಿದ್ದಳು. ಹಿತ್ತಲಲ್ಲಿ ಬಿರುಕು ಬಿಟ್ಟ ನೆಲ ನೋಡಿ ಕುಕ್ಕರುಗಾಲಲ್ಲಿ ಕೂತು ಒಂದು ಹೆಂಟೆ ಎತ್ತಿದಳು. ಬೆರಳಲ್ಲಿ ತಿಕ್ಕಿ ನೋಡಿ, ‘ಇದು ನಮ್ಮ ಎರಿ ಹೊಲಾನ ಐತಲ್ಲೋ ತಮ್ಮಾ. ಇದರಾಗ ಇಲಿ, ಇರುವಿ ಇರಲಿಲ್ಲಂದ್ರ ಮತ್ತೆಲ್ಲಿ ಇರ್ತಾವು?’ ಅಂದಳು. ಅವಳು ಹೇಳಿದ್ದು ನಿಜ. ಈ ಸೀಮೆಗೆ ಬ್ಲಾಕ್‌ಲ್ಯಾಂಡ್ ಪ್ರೇರಿ ಅಂತಲೇ ಹೆಸರು. ಮಳೆಯಾದರೆ ಉಬ್ಬುವ, ಬಿಸಿಲಿಗೆ ಕೈ ಹೋಗುವಷ್ಟು ಬಿರಿಯುವ ಕಪ್ಪು ಜಿಗುಟು ಮಣ್ಣು. ಅದೇ ಹೊಲವನ್ನು ಈಗ ಬುಲ್ಡೋಜರ್ ಎತ್ತಿ ಸೈಟು ಮಾಡುತ್ತಿದೆ. ಅದರೊಳಗಿದ್ದ ಜೀವಗಳೆಲ್ಲ ಹತ್ತಿರದ ಮನೆ ಹುಡುಕಿಕೊಂಡು ಬರುತ್ತವೆ. ಹತ್ತಿರದ ಮನೆ ಅಂದರೆ ನಮ್ಮದು.

ಹಾಗಾಗಿ ಈ ಮೂರು ವರ್ಷದಲ್ಲಿ ಕೀಟ ನಿಯಂತ್ರಣ ಕಂಪನಿಯವರ ಸ್ಪ್ರೇ, ಅಂಗಡಿಯ ಮದ್ದು, ಊರ ಕಡೆಯ ಮನೆಮದ್ದು, ಸುಮ್ನೆ ಕಿಂಡಿ ಮುಚ್ಚುವುದು ಎಲ್ಲವನ್ನೂ ಮಾಡಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ: ಕಣ್ಣೆದುರಿಗೆ ಕೊಂದು ತೋರಿಸಿದ ಮದ್ದುಗಳು ಹೆಚ್ಚು ಕಡಿಮೆ ಎಲ್ಲವೂ ಸೋತವು. ನಿಧಾನವಾಗಿ ಗೂಡಿನೊಳಗೆ ಕೆಲಸ ಮಾಡಿದವು ಗೆದ್ದವು.

ಮೊದಲು ಫೈರ್ ಆಂಟ್. ನಮ್ಮೂರ ಕೆಂಪಿರುವೆ ಕಚ್ಚಿದರೆ ಉರಿದು ಹೋಗುತ್ತದೆ ಅಲ್ವಾ, ಇದು ಹಾಗಲ್ಲ. ದವಡೆಯಲ್ಲಿ ಕಚ್ಚಿ ಹಿಡಿದುಕೊಂಡು ಹಿಂಬದಿಯ ಮುಳ್ಳಿನಿಂದ ಚುಚ್ಚುತ್ತದೆ, ಅದೂ ಮತ್ತೆ ಮತ್ತೆ. ದಕ್ಷಿಣ ಅಮೆರಿಕದಿಂದ 1930ರ ದಶಕದಲ್ಲಿ ಅಲಬಾಮಾದ ಮೊಬೀಲ್ ಬಂದರಿಗೆ ಬಂದು ಅಲ್ಲಿಂದ ಇಡೀ ದಕ್ಷಿಣಕ್ಕೆ ಹಬ್ಬಿದ ಇರುವೆ ಇದು. ನನ್ನ ಮಗಳಿಗೆ ಆಗ ಐದು ವರ್ಷ. ಬರಿಗಾಲಲ್ಲಿ ಹುಲ್ಲಿನ ಮೇಲೆ ಓಡುತ್ತಿದ್ದವಳು ಚೀರಿದಳು. ಪಾದದ ತುಂಬ ಇರುವೆ. ಮರುದಿನ ಹನ್ನೊಂದು ಕಡೆ ಬಿಳಿ ಕೀವಿನ ಗುಳ್ಳೆ ಎದ್ದಿದ್ದವು. ಒಂದು ವಾರ ಅವಳು ಶೂ ಹಾಕಲಿಲ್ಲ. ಅವತ್ತೇ ಈ ಇರುವೆಗೆ ಒಂದು ಗತಿ ಕಾಣಿಸಬೇಕು ಅಂತ ಗಟ್ಟಿ ಮಾಡಿದೆ.

ಮೊದಲು ಮಾಡಿದ್ದು ಬಿಸಿನೀರು. ಟೆಕ್ಸಸ್‌ನಲ್ಲಿ ಕೃಷಿ ಸಲಹೆ ಕೊಡುವ ಅಗ್ರಿಲೈಫ್ ವಿಸ್ತರಣಾ ಸೇವೆಯವರೂ ಇದನ್ನು ಹೇಳುತ್ತಾರೆ. ಒಂದು ಹುತ್ತಕ್ಕೆ ಸುಮಾರು ಮೂರು ಗ್ಯಾಲನ್ ಕುದಿಯುವಂಥ ನೀರು, ನೂರಕ್ಕೆ ಸುಮಾರು 60 ಸಲ ಹುತ್ತ ಸಾಯುತ್ತದೆ. ನನ್ನ ಲೆಕ್ಕವೂ ಅಷ್ಟೇ: ಐದರಲ್ಲಿ ಮೂರು ಹೋದವು. ಆದರೆ ನೀರು ಬಿದ್ದಲ್ಲೆಲ್ಲ ಹುಲ್ಲು ಸುಟ್ಟು ಹಳದಿಯಾಯಿತು. ದೊಡ್ಡ ಪಾತ್ರೆಯಲ್ಲಿ ಕುದಿಯುವ ನೀರು ಹೊತ್ತು ಮಗು ಓಡಾಡುವ ಹಿತ್ತಲಲ್ಲಿ ನಡೆಯುವುದು ನನಗೆ ಸರಿ ಬರಲಿಲ್ಲ.

ಎರಡನೆಯದು ಹುತ್ತದ ಮೇಲೆ ಉದುರಿಸುವ ಪುಡಿ. ಇದು ನೋಡೋಕೆ ಬಹಳ ಸಮಾಧಾನ. ಅರ್ಧ ಗಂಟೆಯಲ್ಲಿ ಸಾವಿರಾರು ಇರುವೆ ಸತ್ತು ಬಿದ್ದಿರುತ್ತವೆ. ವಾರ ಕಳೆದ ಮೇಲೆ ನಾಲ್ಕು ಅಡಿ ಆಚೆ ಹೊಸ ಹುತ್ತ. ಮೇಲಿದ್ದವು ಸತ್ತಿದ್ದವು, ರಾಣಿ ಸತ್ತಿರಲಿಲ್ಲ. ಈ ಮಣ್ಣಿನಲ್ಲಿ ಗೂಡು ಹಲವು ಅಡಿ ಆಳಕ್ಕೆ ಇಳಿದಿರುತ್ತದೆ. ಮೇಲೆ ಗಲಾಟೆ ಆದ ಕೂಡಲೇ ರಾಣಿಯನ್ನು ಇನ್ನೂ ಕೆಳಕ್ಕೆ ಸಾಗಿಸಿಬಿಡುತ್ತವೆ.

ಮೂರನೆಯದು ಕಂಪನಿಯ ಸ್ಪ್ರೇ. ಮೂರು ತಿಂಗಳಿಗೊಮ್ಮೆ ಬಂದು ಮನೆಯ ಸುತ್ತ ಎಣ್ಣೆ ಹೊಡೆದು ಹೋಗುತ್ತಿದ್ದರು, ಸಲಕ್ಕೆ 120 ಡಾಲರ್. ಗೋಡೆಯ ಬುಡಕ್ಕೆ ಇರುವೆ ಬರುವುದು ನಿಂತಿತು. ಹುಲ್ಲಿನ ಮಧ್ಯದ ಹುತ್ತಗಳು ಹಾಗೇ ಇದ್ದವು. ಮಗಳು ಆಡುವುದು ಗೋಡೆಯ ಬುಡದಲ್ಲಲ್ಲ.

ಕೊನೆಗೆ ಕೈ ಹಿಡಿದದ್ದು ಬೇಟ್. ನೋಡೋಕೆ ನಮ್ಮ ಇಡ್ಲಿ ರವೆಯ ಹಾಗೆ ಹಳದಿ ಕಾಳು, ಮೂಸಿದರೆ ಎಣ್ಣೆ ವಾಸನೆ. ಮೆಕ್ಕೆಜೋಳದ ನುಚ್ಚಿಗೆ ಸೋಯಾ ಎಣ್ಣೆ ಸವರಿ, ಆ ಎಣ್ಣೆಯಲ್ಲಿ ಹೈಡ್ರಾಮೆಥಿಲ್‌ನಾನ್ ಎನ್ನುವ ನಿಧಾನ ವಿಷ ಬೆರೆಸಿರುತ್ತಾರೆ. ಇದನ್ನು ಹುತ್ತದ ಮೇಲೆ ಹಾಕಬಾರದು, ಇಡೀ ಹಿತ್ತಲಿಗೆ ತೆಳ್ಳಗೆ ಬೀಜ ಚೆಲ್ಲಿದ ಹಾಗೆ ಚೆಲ್ಲಬೇಕು. ಎಕರೆಗೆ ಒಂದೂವರೆ ಪೌಂಡ್ ಸಾಕು. ನಮ್ಮ ಹಿತ್ತಲಿಗೆ ಕಾಲು ಪೌಂಡೂ ಹಿಡಿಯಲಿಲ್ಲ. ಚೆಲ್ಲಿದ ಮೇಲೆ ಏನೂ ಹಾಕಿಲ್ಲವೇನೋ ಅನ್ನಿಸುತ್ತದೆ. ಜಾಸ್ತಿ ಹಾಕಿದರೆ ಜಾಸ್ತಿ ಸಾಯುವುದಿಲ್ಲ, ದುಡ್ಡು ದಂಡ ಅಷ್ಟೇ.

ಅದಕ್ಕೂ ಮೊದಲು ಒಂದು ಪರೀಕ್ಷೆ ಮಾಡಬೇಕು. ಒಂದು ಆಲೂಗಡ್ಡೆ ಚಿಪ್ಸ್ ಹುಲ್ಲಿನ ಮೇಲೆ ಇಟ್ಟು ಕಾಯುವುದು. ಮಗಳೂ ನಾನೂ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತೆವು. ಹತ್ತು ನಿಮಿಷಕ್ಕೆ ಒಂದು ಇರುವೆ ಬಂತು, ಅಂಚನ್ನು ಮುಟ್ಟಿ ಮುಟ್ಟಿ ನೋಡಿ ವಾಪಸು ಹೋಯಿತು. ಇಪ್ಪತ್ತನೇ ನಿಮಿಷಕ್ಕೆ ಚಿಪ್ಸ್ ಕಾಣದಷ್ಟು ಇರುವೆ. ಹೀಗೆ ಬಂದರೆ ಅವು ಹಸಿದಿವೆ ಅಂತ ಅರ್ಥ, ಬೇಟ್ ಹಾಕಬಹುದು. ಬರದಿದ್ದರೆ ಅವತ್ತು ಹಾಕಿ ಉಪಯೋಗವಿಲ್ಲ. ಜುಲೈ ಮಧ್ಯಾಹ್ನದ ಬಿಸಿಲಲ್ಲಿ ಒಂದೂ ಬರುವುದಿಲ್ಲ. ಮಳೆ ಬರುವ ದಿನ, ಹುಲ್ಲು ಒದ್ದೆ ಇರುವಾಗ ಹಾಕಲೇಬಾರದು. ಹೋದ ವರ್ಷದ ತೆರೆದ ಡಬ್ಬಿ ಬಳಸಬೇಡಿ. ಎಣ್ಣೆ ಕನರಿದರೆ ಇರುವೆ ಮೂಸಿಯೂ ನೋಡುವುದಿಲ್ಲ.

ಬೇಟ್ ಹಾಕಿದ ಮರುದಿನ ಹುತ್ತ ಹಾಗೇ ಇತ್ತು. ವಾರದ ಮೇಲೂ ಹಾಗೇ. ಹೆಂಡತಿ ‘ಇದೂ ಆಗಲಿಲ್ಲ ಬಿಡಿ’ ಅಂದಳು. ಮೂರನೇ ವಾರ ಒಂದು ಕಡ್ಡಿಯಿಂದ ಕೆದಕಿದೆ. ಮಾಮೂಲಿಗೆ ಆ ಕ್ಷಣಕ್ಕೇ ಕಡ್ಡಿ ಹತ್ತಿ ಬರುವ ಇರುವೆಗಳು, ಈಗ ನಾಲ್ಕೈದು ಮಾತ್ರ ಮಂಕಾಗಿ ಹೊರಬಂದವು. ಆರನೇ ವಾರಕ್ಕೆ ಹದಿನಾಲ್ಕು ಹುತ್ತದಲ್ಲಿ ಉಳಿದದ್ದು ಎರಡು. ಆ ಎರಡಕ್ಕೆ ಮಾತ್ರ ಪುಡಿ ಹಾಕಿದೆ. ಮೊದಲು ಎಲ್ಲ ಕಡೆ ಬೇಟ್, ಆಮೇಲೆ ಉಳಿದ ಹುತ್ತಕ್ಕೆ ಮಾತ್ರ ಮದ್ದು. ಅಗ್ರಿಲೈಫ್‌ನವರು ಎರಡು ಹಂತದ ವಿಧಾನ ಅಂತ ಕರೆಯುವುದು ಇದನ್ನೇ. ಒಂದು ಡಬ್ಬಿಗೆ ಕೊಟ್ಟದ್ದು 20 ಡಾಲರ್‌ಗಿಂತ ಕಡಿಮೆ.

ಪಕ್ಕದ ಮನೆಯ ಹಿರಿಯರು ಬರೀ ಜೋಳದ ನುಚ್ಚು ಹಾಕಿ, ಹೊಟ್ಟೆ ಉಬ್ಬಿ ಸಾಯುತ್ತವೆ ಅಂದಿದ್ದರು. ಇಲ್ಲಿ ಅನೇಕರು ಇದನ್ನು ನಂಬುತ್ತಾರೆ. ಅದು ಆಗುವ ಮಾತಲ್ಲ. ಬೆಳೆದ ಇರುವೆ ಗಟ್ಟಿ ಪದಾರ್ಥ ನುಂಗುವುದೇ ಇಲ್ಲ, ರಸ ಮಾತ್ರ ಹೀರುತ್ತದೆ. ಗಟ್ಟಿಯದನ್ನು ಕರಗಿಸುವುದು ಗೂಡಿನಲ್ಲಿರುವ ಮರಿಗಳು. ಬೇಟ್‌ನಲ್ಲಿ ವಿಷವನ್ನು ನುಚ್ಚಿಗಲ್ಲದೆ ಎಣ್ಣೆಗೆ ಬೆರೆಸುವುದೂ ಇದಕ್ಕೇ. ಆ ಎಣ್ಣೆ ಬಾಯಿಂದ ಬಾಯಿಗೆ ಹೋಗಿ ಕೊನೆಗೆ ರಾಣಿಯನ್ನು ಮುಟ್ಟುತ್ತದೆ.

ಇನ್ನು ಇಲಿ. ನವೆಂಬರ್‌ನ ಮೊದಲ ಚಳಿಗೆ ಬಂದವು. ಗರಾಜ್‌ನಲ್ಲಿ ಇಟ್ಟಿದ್ದ 20 ಪೌಂಡ್ ಸೋನಾ ಮಸೂರಿ ಚೀಲದ ಮೂಲೆಯಲ್ಲಿ ತೂತು, ಪಕ್ಕದಲ್ಲಿ ಕರಿ ಎಳ್ಳಿನ ಹಾಗೆ ಹಿಕ್ಕೆ. ಆ ವಾರವೇ ಬೇಲಿಯಾಚೆಯ ಹೊಲದಲ್ಲಿ ಮಣ್ಣು ಎತ್ತೋಕೆ ಶುರು ಮಾಡಿದ್ದರು.

ವಿಷದ ಬಿಲ್ಲೆ ಹಾಕಿದೆ. ಇಲಿ ತಿಂದು ಗೋಡೆಯೊಳಗೆ ಸತ್ತಿತು. ಎರಡು ವಾರ ಊಟದ ಕೋಣೆಯಲ್ಲಿ ಕೂರಲಾಗಲಿಲ್ಲ. ವಿಷ ತಿಂದ ಇಲಿಯನ್ನು ಗೂಬೆ, ಗಿಡುಗ ತಿಂದರೆ ಅವಕ್ಕೂ ಆಪತ್ತು. ಇಲ್ಲಿಯ ದೀಪದ ಕಂಬದ ಮೇಲೆ ದಿನಾ ಒಂದು ಗಿಡುಗ ಕೂತಿರುತ್ತದೆ. ಅದು ನಮಗಿಂತ ಮುಂಚೆಯಿಂದ ಇಲಿ ಹಿಡಿಯುವ ಕೆಲಸ ಮಾಡುತ್ತಿದೆ. ಅದಕ್ಕೆ ವಿಷ ಉಣಿಸುವ ಮನಸ್ಸು ನನಗಿಲ್ಲ. ಅಂಟಿನ ಹಲಗೆಯನ್ನೂ ಇಟ್ಟೆ. ಬೆಳಿಗ್ಗೆ ಇಲಿ ಜೀವಂತ ಒದ್ದಾಡುತ್ತಿತ್ತು, ಮಗಳು ನೋಡಿ ಅತ್ತಳು. ಅದನ್ನು ಮತ್ತೆ ಮನೆಗೆ ತರಲಿಲ್ಲ.

ಹಳೇ ಕಾಲದ ಸ್ಪ್ರಿಂಗ್ ಇರುವ ಮರದ ಬೋನು ಇವೆರಡಕ್ಕಿಂತ ಎಷ್ಟೋ ಮೇಲು. ಬಟಾಣಿ ಕಾಳಿನಷ್ಟು ಕಡಲೆಕಾಯಿ ಬೆಣ್ಣೆ ಹಚ್ಚಬೇಕು, ಜಾಸ್ತಿ ಹಚ್ಚಿದರೆ ನೆಕ್ಕಿಕೊಂಡು ಹೋಗುತ್ತದೆ. ಬೆಣ್ಣೆ ಇರುವ ತುದಿ ಗೋಡೆಗೆ ತಾಗಿರಬೇಕು, ಏಕೆಂದರೆ ಇಲಿ ಓಡುವುದು ಗೋಡೆಯ ಅಂಚಿನಲ್ಲೇ. ಆರು ಬೋನು, ನಾಲ್ಕು ರಾತ್ರಿ, ಐದು ಇಲಿ.

ಆದರೆ ಐದು ಹಿಡಿದರೆ ಆರನೆಯದು ಬರುತ್ತದೆ. ನಿಜವಾಗಿ ಫಲ ಕೊಟ್ಟದ್ದು ಕಿಂಡಿ ಮುಚ್ಚಿದ್ದು. ಪೆನ್ಸಿಲ್ ಹೋಗುವ ತೂತಿನಲ್ಲಿ ಚಿಕ್ಕಿಲಿ ಹೋಗುತ್ತದೆ, ಸುಮಾರು 6 ಮಿಲಿಮೀಟರ್. ಒಂದು ಶನಿವಾರ ಪೆನ್ಸಿಲ್ ಹಿಡಿದು ಮನೆ ಸುತ್ತಿದೆ. ಏಸಿ ಪೈಪು ಗೋಡೆಗೆ ಹೋಗುವ ಜಾಗ, ಗರಾಜ್ ಬಾಗಿಲಿನ ರಬ್ಬರ್ ಸವೆದ ಮೂಲೆ, ಗೋಡೆಯ ಇಟ್ಟಿಗೆಗಳ ನಡುವಿನ ವೀಪ್ ಹೋಲ್. ಈ ವೀಪ್ ಹೋಲ್ ವಿಷಯದಲ್ಲಿ ಹುಷಾರು. ಇಟ್ಟಿಗೆಯ ಹಿಂದೆ ಸೇರಿದ ನೀರು ಹೊರಗೆ ಹೋಗಲಿ, ಗಾಳಿ ಆಡಲಿ ಅಂತ ಬಿಟ್ಟಿರುವ ಸೀಳು ಅದು. ಸಿಮೆಂಟ್ ಹಾಕಿ ಮುಚ್ಚಿದರೆ ಗೋಡೆಯೊಳಗೆ ತೇವ ನಿಲ್ಲುತ್ತದೆ. ನಾನು ಸ್ಟೀಲಿನ ಜಾಲರಿ ತುರುಕಿದೆ. ಪೈಪಿನ ಸುತ್ತ ತಾಮ್ರದ ಜಾಲರಿ, ಮೇಲೆ ಸೀಲೆಂಟ್. ಎಲ್ಲ ಸೇರಿ 45 ಡಾಲರ್, ಅರ್ಧ ದಿನದ ಕೆಲಸ. ಮುಂದಿನ ಚಳಿಗಾಲದಲ್ಲಿ ಬಂದದ್ದು ಒಂದೇ ಇಲಿ. ಆದರೆ ಈ ಮಣ್ಣು ಬೇಸಿಗೆಯಲ್ಲಿ ಕುಗ್ಗಿದಾಗ ಮನೆಯ ತಳವೂ ಚೂರು ಅಲುಗುತ್ತದೆ, ಹೊಸ ಸಂದು ಬೀಳುತ್ತದೆ. ಹಾಗಾಗಿ ಪ್ರತಿ ಅಕ್ಟೋಬರ್‌ನಲ್ಲಿ ಪೆನ್ಸಿಲ್ ಹಿಡಿದು ಒಂದು ಸುತ್ತು ಬರಲೇಬೇಕು.

ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬೇಡಿ. ಅದರ ಧೂಳಿನಿಂದ ಹಂಟಾವೈರಸ್ ಎನ್ನುವ, ಶ್ವಾಸಕೋಶಕ್ಕೆ ಕುತ್ತು ತರುವ ರೋಗಾಣು ತಗಲುವ ಅಪಾಯವಿದೆ. ಕೈಗವಸು ಹಾಕಿ, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ, ಚೆನ್ನಾಗಿ ನೆನೆಸಿ, ಐದು ನಿಮಿಷ ಬಿಟ್ಟು ಕಾಗದದಿಂದ ಒರೆಸಿ ತೆಗೆಯಿರಿ.

ಜಿರಳೆಯದ್ದು ಬೇಗ ಮುಗಿಸುತ್ತೇನೆ. ಸ್ಪ್ರೇಗಿಂತ ಜೆಲ್ ಬೇಟ್ ಎಷ್ಟೋ ಪಾಲು ಒಳ್ಳೆಯದು. ಸಿಂಕಿನ ಕೆಳಗೆ, ಡಿಶ್‌ವಾಷರ್ ಪಕ್ಕದಲ್ಲಿ ತೊಗರಿಬೇಳೆಯಷ್ಟು ಚುಕ್ಕೆ ಸಾಕು. ಆದರೆ ಎರಡನ್ನೂ ಒಟ್ಟಿಗೆ ಬಳಸಲೇಬೇಡಿ. ಸ್ಪ್ರೇ ವಾಸನೆ ತಾಗಿದ ಜೆಲ್ ಹತ್ತಿರ ಜಿರಳೆ ಸುಳಿಯುವುದಿಲ್ಲ. ನಾನು ಮೊದಲ ಸಲ ಹೀಗೆ ಒಂದು ಟ್ಯೂಬ್ ಪೂರ್ತಿ ಹಾಳು ಮಾಡಿದೆ. ಊರಿನ ಹಾಗೆ ಗೋಧಿಹಿಟ್ಟು, ಸಕ್ಕರೆ, ಬೋರಿಕ್ ಪುಡಿ ಕಲಸಿದ ಉಂಡೆಯೂ ಕೆಲಸ ಮಾಡುತ್ತದೆ, ಆದರೆ ಸಣ್ಣ ಮಕ್ಕಳಿರುವ ಮನೆಗೆ ಬೇಡ. ಊರಿಂದ ಸೂಟ್‌ಕೇಸಿನಲ್ಲಿ ಜಿರಳೆ ಚಾಕ್ ತರುವವರಿಗೆ ಒಂದು ಮಾತು: ಅಂಥ ಚಾಕ್ ಇಲ್ಲಿ ಕಾನೂನುಬಾಹಿರ. ಮಕ್ಕಳು ಬರೆಯುವ ಚಾಕ್ ಅಂದುಕೊಂಡು ಬಾಯಿಗೆ ಹಾಕಿಕೊಳ್ಳಬಹುದು ಅನ್ನುವ ಭಯ ಸುಳ್ಳಲ್ಲ.

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮಳೆ ಬಿದ್ದ ಮೇಲೆ ಬಾಗಿಲ ದೀಪಕ್ಕೆ ಮುತ್ತುವ ಚಿಮ್ಮಂಡೆಗಳಿಗೆ ಮದ್ದೇ ಬೇಡ. ಬಿಳಿ ಬಲ್ಬ್ ತೆಗೆದು ಹಳದಿ ಹಾಕಿದೆ, ಮುಕ್ಕಾಲು ಪಾಲು ಕಡಿಮೆಯಾದವು.

ಅಡುಗೆಮನೆಯ ಕಾಳುಬೇಳೆಗೆ ಅವ್ವನ ದಾರಿ ಮತ್ತು ಇಲ್ಲಿಯ ದಾರಿ ಎರಡನ್ನೂ ಇಟ್ಟುಕೊಂಡಿದ್ದೇನೆ. ಹೊಸದಾಗಿ ತಂದ ಅಕ್ಕಿ, ರವೆ, ಹಿಟ್ಟು ನಾಲ್ಕು ದಿನ ಫ್ರೀಜರ್‌ನಲ್ಲಿ ಇಟ್ಟರೆ ಒಳಗಿನ ಮೊಟ್ಟೆಯೂ ಸಾಯುತ್ತದೆ. ತೊಗರಿಬೇಳೆಗೆ ಹರಳೆಣ್ಣೆ ಸವರಿ ಇಟ್ಟರೆ ನುಸಿ ಹತ್ತುವುದಿಲ್ಲ. ಒಣಮೆಣಸಿನಕಾಯಿ, ಬೇವಿನೆಲೆ ಹಾಕಿದ ಡಬ್ಬಿಗೂ ಹಾಕದ ಡಬ್ಬಿಗೂ ನನಗೆ ವ್ಯತ್ಯಾಸ ಕಾಣಲಿಲ್ಲ. ಹಿಟ್ಟು, ಕಾಳಿಗೆ ಹತ್ತುವ ಸಣ್ಣ ಚಿಟ್ಟೆಗೆ ಅಂತ ಅಂಗಡಿಯಲ್ಲಿ ಸಿಗುವ ಅಂಟುಬೋನಿಗೆ ಗಂಡು ಚಿಟ್ಟೆ ಮಾತ್ರ ಬೀಳುತ್ತವೆ. ಚಿಟ್ಟೆ ಇದೆ ಅಂತ ತಿಳಿಯೋಕೆ ಅದು ಸರಿ, ತೊಲಗಿಸೋಕೆ ಸಾಲದು.

ಮೂರು ತಿಂಗಳ ಸ್ಪ್ರೇ ಕರಾರನ್ನು ಬಿಟ್ಟು ಒಂದೂವರೆ ವರ್ಷವಾಯಿತು. ಕಂಪನಿಯವರನ್ನು ಈಗಲೂ ಕರೆಸುವುದು ಗೆದ್ದಲಿಗೆ ಮಾತ್ರ, ವರ್ಷಕ್ಕೊಮ್ಮೆ ತಪಾಸಣೆಗೆ. ಮನೆಯ ಮರದ ಚೌಕಟ್ಟಿನೊಳಗೆ ಏನಾಗುತ್ತಿದೆ ಅಂತ ನೋಡುವ ಕಣ್ಣು ನನಗಿಲ್ಲ, ಅಲ್ಲಿ ದುಡ್ಡು ಉಳಿಸೋಕೆ ಹೋಗಬಾರದು.

ಒಂದೇ ಮನೆಯವರು ಬೇಟ್ ಹಾಕಿದರೆ ಬೇಲಿಯಾಚೆಯಿಂದ ಇರುವೆ ಮತ್ತೆ ಬರುತ್ತದೆ. ನಮ್ಮ ಹಿತ್ತಲಿಗೆ ಐದೇ ತಿಂಗಳಲ್ಲಿ ಮೂರು ಹೊಸ ಹುತ್ತ ಬಂದಿದ್ದವು. ಅದಕ್ಕೇ ಈಗ ನಮ್ಮ ಬೀದಿಯ ಎಂಟು ಮನೆಯವರು, ಅದರಲ್ಲಿ ನಾಲ್ಕು ಕನ್ನಡದವರು, ಏಪ್ರಿಲ್‌ನಲ್ಲಿ ಒಂದು ಶನಿವಾರ, ಅಕ್ಟೋಬರ್‌ನಲ್ಲಿ ಒಂದು ಶನಿವಾರ ಗೊತ್ತು ಮಾಡಿಕೊಂಡಿದ್ದೇವೆ. ಎರಡು ಡಬ್ಬಿ ತಂದು ಹಂಚಿಕೊಳ್ಳುತ್ತೇವೆ. ಸಂಜೆ ಐದಕ್ಕೆ ಮಕ್ಕಳು ಒಂದೊಂದು ಹಿತ್ತಲಲ್ಲೂ ಒಂದೊಂದು ಚಿಪ್ಸ್ ಇಟ್ಟು ಗಡಿಯಾರ ನೋಡುತ್ತಾ ಕೂರುತ್ತಾರೆ. ಯಾರ ಮನೆಯ ಚಿಪ್ಸ್‌ಗೆ ಮೊದಲು ಇರುವೆ ಬಂತೋ ಅವರು ಬೇಲಿಯಾಚೆಗೆ ಕೂಗಿ ಹೇಳುತ್ತಾರೆ, ನಾವು ಚೆಲ್ಲೋಕೆ ಶುರು ಮಾಡುತ್ತೇವೆ.