ಕೊಲೆಸ್ಟ್ರಾಲ್ ಮಾತ್ರೆ ಮತ್ತು ನನ್ನ ಕಾಲು: ಅಟೊರ್ವಾಸ್ಟಾಟಿನ್, ಆಮೇಲೆ ರೊಸುವಾಸ್ಟಾಟಿನ್

ಮೊದಲು ಸಿಟ್ಟಿನ ವಿಷಯ ಹೇಳಿಬಿಡುತ್ತೇನೆ. ಮಾತ್ರೆ ಬರೆದುಕೊಟ್ಟವರು ಒಮ್ಮೆಯೂ ಕಾಲು ಹೇಗಿದೆ ಅಂತ ಕೇಳಲಿಲ್ಲ. ರಿಪೋರ್ಟ್ ನೋಡಿ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಇಳಿದಿದೆ, ಮುಂದುವರಿಸಿ ಅಂದರು. ಇಳಿದದ್ದು ನಿಜ. ಅಟೊರ್ವಾಸ್ಟಾಟಿನ್ 40 ಮಿ.ಗ್ರಾಂ ಮಾತ್ರೆ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿತು.

ಆದರೆ ಶಿರಸಿ ಕಡೆ ತೋಟ ಇಟ್ಟುಕೊಂಡವರಿಗೆ ಕಾಲು ನಡೆಯದಿದ್ದರೆ ದಿನವೇ ನಡೆಯುವುದಿಲ್ಲ. ಮನೆ ಮೇಲೆ, ಅಡಿಕೆ ತೋಟ ಕೆಳಗೆ. ಬೆಳಿಗ್ಗೆ ದೋಸೆ ತಿಂದು, ಕತ್ತಿ ಹಿಡಿದು ಚಿರೇಕಲ್ಲಿನ ಮೆಟ್ಟಿಲು ಇಳಿಯಬೇಕು, ಸಂಕ ದಾಟಬೇಕು, ಬಿದ್ದ ಅಡಿಕೆ ಹೆಕ್ಕಬೇಕು, ಸೋಗೆ ಎಳೆದು ಬದಿಗೆ ಹಾಕಬೇಕು, ಚಹಾ ಹೊತ್ತಿಗೆ ಮತ್ತೆ ಅದೇ ದರೆ ಹತ್ತಬೇಕು. ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ಎರಡೂ ಕಾಲಿನ ಮೀನಖಂಡ ಬಿಗಿಯತೊಡಗಿತು, ಆಮೇಲೆ ತೊಡೆ. ಅರ್ಧ ದರೆಯಲ್ಲೇ ನಿಲ್ಲುವ ಹಾಗಾಯಿತು. ಹೇಳಿದರೆ ‘ವಯಸ್ಸಾಯ್ತಲ್ಲ’ ಅನ್ನುವ ಉತ್ತರ. ನನ್ನ ಅಪ್ಪ ನನಗಿಂತ ಎಷ್ಟೋ ದೊಡ್ಡ ವಯಸ್ಸಿನಲ್ಲಿ ಇದೇ ದರೆಯನ್ನು ಹೊರೆ ಹೊತ್ತು ಹತ್ತುತ್ತಿದ್ದರು.

ಬೇರೆ ಡಾಕ್ಟರ್ ಹತ್ತಿರ ಹೋದೆ. ಈ ಡಾಕ್ಟರಮ್ಮ ಕೂರಿಸಿಕೊಂಡು ಕೇಳಿದರು: ನೋವು ಎರಡೂ ಕಡೆ ಒಂದೇ ಥರ ಇದೆಯಾ? ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿತ್ತಾ? (ಹಾಗಾದರೆ ಮಾತ್ರ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಅಪರೂಪ, ಆದರೆ ಸ್ನಾಯು ಒಡೆದು ಕಿಡ್ನಿಗೆ ಪೆಟ್ಟು ಬೀಳಬಹುದು.) ಕ್ಲಾರಿಥ್ರೊಮೈಸಿನ್‌ನಂಥ ಆಂಟಿಬಯೋಟಿಕ್ ತಗೊಂಡಿದ್ದೀರಾ ಅಂತಲೂ ಕೇಳಿದರು, ಅದು ಅಟೊರ್ವಾಸ್ಟಾಟಿನ್ ಮೈಯಲ್ಲೇ ಜಾಸ್ತಿ ಉಳಿಯುವ ಹಾಗೆ ಮಾಡುತ್ತದಂತೆ. ರಕ್ತದಲ್ಲಿ ಸಿಕೆ (ಸ್ನಾಯುವಿಗೆ ಪೆಟ್ಟಾದರೆ ಏರುವ ಅಂಶ), ಥೈರಾಯ್ಡ್, ವಿಟಮಿನ್ ಡಿ ನೋಡಿಸಿದರು. ಥೈರಾಯ್ಡ್ ಕಡಿಮೆಯಿದ್ದರೆ ಕೊಲೆಸ್ಟ್ರಾಲೂ ಏರುತ್ತದೆ, ಮೈಕೈಯೂ ನೋಯುತ್ತದೆ. ಇದನ್ನು ಮೊದಲೇ ನೋಡಬಹುದಿತ್ತು, ಅಲ್ವಾ? ನನಗೆ ಸಿಕೆ, ಥೈರಾಯ್ಡ್ ಸರಿಯಿತ್ತು, ವಿಟಮಿನ್ ಡಿ ಕಡಿಮೆ ಇತ್ತು.

ಅವರೇ ಹೇಳಿ ಕೆಲವು ವಾರ ಮಾತ್ರೆ ನಿಲ್ಲಿಸಿದರು. ಬಿಗಿತ ಸಡಿಲವಾಯಿತು. ಆಮೇಲೆ ರೊಸುವಾಸ್ಟಾಟಿನ್ 5 ಮಿ.ಗ್ರಾಂ, ಇದೂ ಅದೇ ಸ್ಟಾಟಿನ್ ಗುಂಪಿನ ಮಾತ್ರೆ. ಇದರ ಜೊತೆ ಒಂದು ಮಾತೂ ಹೇಳಿದರು. ಅಡ್ಡಪರಿಣಾಮದಿಂದ ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಲಂಡನ್‌ನಲ್ಲಿ ಒಂದು ತಿಂಗಳು ಸ್ಟಾಟಿನ್, ಒಂದು ತಿಂಗಳು ಔಷಧಿಯಿಲ್ಲದ ಸುಮ್ನೆ ಮಾತ್ರೆ, ಒಂದು ತಿಂಗಳು ಏನೂ ಇಲ್ಲ, ಹೀಗೆ ಬದಲಿಸಿ ಕೊಟ್ಟು ನೋಡಿದರಂತೆ. ಸ್ಯಾಮ್ಸನ್ ಅಂತ ಆ ಅಧ್ಯಯನದ ಹೆಸರು, ಫಲಿತಾಂಶ 2020ರಲ್ಲಿ ಬಂತು. ಸ್ಟಾಟಿನ್‌ನಲ್ಲಿ ಕಂಡ ತೊಂದರೆಯ ಶೇ. 90ರಷ್ಟು ಸುಮ್ನೆ ಮಾತ್ರೆಯಲ್ಲೂ ಕಂಡಿತ್ತು. ಕೇಳಿ ಬೇಜಾರಾಯಿತು. ‘ನೋವು ಸುಳ್ಳಲ್ಲ, ಕಾರಣ ಯಾವುದು ಅಂತ ನೋಡಬೇಕು, ಅದಕ್ಕೇ ನಿಲ್ಲಿಸಿ ಮತ್ತೆ ಶುರು ಮಾಡುವುದು’ ಅಂದರು. ಅಲ್ಲಿಗೆ ಸಿಟ್ಟು ಇಳಿಯಿತು.

ಈಗ ರಾತ್ರಿ ಅಪ್ಪೆಹುಳಿ ಕುಡಿದು ಊಟ ಮುಗಿಸಿ, ಜಗುಲಿಗೆ ಬಂದು, ರೇಡಿಯೋ ಪಕ್ಕದ ಡಬ್ಬಿಯಿಂದ ಮಾತ್ರೆ ತೆಗೆದು ಬಿಸಿನೀರಲ್ಲಿ ನುಂಗುತ್ತೇನೆ. ಅಟೊರ್ವಾಸ್ಟಾಟಿನ್, ರೊಸುವಾಸ್ಟಾಟಿನ್ ಎರಡೂ ಯಾವ ಹೊತ್ತಿಗೆ ತಗೊಂಡರೂ ಆಗುತ್ತದೆ, ರಾತ್ರಿಯಾದರೆ ನನಗೆ ಮರೆಯುವುದಿಲ್ಲ. ಮೀನಖಂಡ ಒಮ್ಮೊಮ್ಮೆ ಬಿಗಿಯುತ್ತದೆ, ಆದರೆ ದರೆಯನ್ನು ನಿಲ್ಲದೆ ಹತ್ತುತ್ತೇನೆ. ಜನೌಷಧಿ ಅಂಗಡಿಯಲ್ಲಿ ತಗೊಳ್ಳುವುದರಿಂದ ಖರ್ಚು ಹಗುರ, ಪರೀಕ್ಷೆಗಳದ್ದೇ ಭಾರ.

ಎಲ್‌ಡಿಎಲ್ ಮೊದಲಿನಷ್ಟು ಕೆಳಗಿಲ್ಲ. ಅಡಿಕೆ ಕೊಯ್ಲಿಗೆ ಮುಂಚೆ ಇನ್ನೊಮ್ಮೆ ರಕ್ತ ಕೊಡಬೇಕು. ಏರಿದ್ದರೆ ಡೋಸ್ ಹೆಚ್ಚಿಸುವ ಬದಲು ಎಜೆಟಿಮೈಬ್ (ಸ್ಟಾಟಿನ್ ಅಲ್ಲದ ಇನ್ನೊಂದು ಕೊಲೆಸ್ಟ್ರಾಲ್ ಮಾತ್ರೆ) ಸೇರಿಸೋಣ ಅಂದಿದ್ದಾರೆ.